ಕನ್ನಡ ವಿಕಿಪೀಡಿಯಕ್ಕೆ ಹೊಸಬಳು: ಅಜ್ಜ ಹೇಳಿದ ಮಾತಿಗೆ ಉಲ್ಲೇಖ ಎಲ್ಲಿಂದ ತರೋದು?

ಹರಿದ್ರಾ_ದಂಡೆ:
ಎಲ್ಲರಿಗೂ ನಮಸ್ಕಾರ. ಈಚೆಗೆ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದಿದ್ದೀನಿ. ನಮ್ಮದು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಆಸುಪಾಸು. ಕೆರೆ ಬಗ್ಗೆ ಅಲ್ಲಿರೋದು ನನಗೆ ಸಾಲದು ಅನ್ನಿಸ್ತು, ನಾನೇ ಒಂದಿಷ್ಟು ಸೇರಿಸಿದೆ. ನಮ್ಮಜ್ಜ ನೀರುಗಂಟಿ, ಕೆರೆ ನೀರನ್ನು ಹೊಲಗಳಿಗೆ ಬಿಡೋ ಕೆಲಸ ಮಾಡ್ತಿದ್ದವರು. ಸಿದ್ಧನ ತೂಬು ಯಾವಾಗ ಎತ್ತಬೇಕು, ಬಸವನ ತೂಬು ಯಾವಾಗ, ಬೇಸಿಗೆಯಲ್ಲಿ ಯಾವ ಹಳ್ಳಿಗೆ ಮೊದಲ ನೀರು, ಜಗಳ ಆದರೆ ಯಾರು ತೀರ್ಮಾನ ಮಾಡ್ತಿದ್ದರು, ಎಲ್ಲಾ ಅವರ ಬಾಯಲ್ಲಿ ಕೇಳಿ ಬೆಳೆದಿದ್ದೀನಿ. ಅದನ್ನೂ, ಕೆರೆ ಕಟ್ಟಿಸಿದಳು ಅಂತ ಜನ ಹೇಳೋ ಶಾಂತವ್ವನ ಕಥೆಯನ್ನೂ ಬರೆದೆ.

ಮಾರನೇ ದಿನ ನೋಡಿದರೆ ಇಲ್ಲ. ಯಾರೋ ತೆಗೆದು, ಪಕ್ಕದಲ್ಲಿ "ಉಲ್ಲೇಖವಿಲ್ಲ" ಅಂತ ಒಂದೇ ಪದ ಬರೆದಿದ್ದಾರೆ. ತೆಗೆದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಪ್ರಶ್ನೆ ಇದು: ಐವತ್ತು ವರ್ಷ ತೂಬು ಎತ್ತಿದ ಮನುಷ್ಯನ ಮಾತಿಗಿಂತ, ಊರೇ ನೋಡದವರು ಪೇಪರಿನಲ್ಲಿ ಬರೆದಿದ್ದು ಹೆಚ್ಚು ನಂಬಿಕೆಗೆ ಅರ್ಹ ಹೇಗಾಗುತ್ತೆ? ಮತ್ತೆ, ಹೊಸಬರು ಎಲ್ಲಿಂದ ಶುರು ಮಾಡಬೇಕು? ಗೊತ್ತಿರೋರು ದಯವಿಟ್ಟು ಹೇಳಿ.

ಬಿಟ್ಟಿ ಸಲಹೆ:
ವಿಕಿಪೀಡಿಯಕ್ಕೆ ಸ್ವಾಗತ. ಸಂಬಳ ಇಲ್ಲ, ಪಿಎಫ್ ಇಲ್ಲ, ಬೈಗುಳ ಧಾರಾಳ.

ಕಡತಪ್ರಿಯ:
ಹರಿದ್ರಾ ಅವರೇ, ಮೊದಲು ಒಂದು ಸಮಾಧಾನ. ನೀವು ಬರೆದದ್ದು ಎಲ್ಲೂ ಹೋಗಿಲ್ಲ. ಪುಟದ ಮೇಲೆ "ಇತಿಹಾಸ" ಅಂತ ಇದೆಯಲ್ಲ, ಅದನ್ನು ಒತ್ತಿ. ಪ್ರತಿ ಬದಲಾವಣೆ, ಮಾಡಿದವರ ಹೆಸರು, ಹೊತ್ತು, ಎಲ್ಲಾ ಅಲ್ಲಿ ಸಾಲಾಗಿ ಕೂತಿರುತ್ತೆ. ನಿಮ್ಮ ಆವೃತ್ತಿಯ ದಿನಾಂಕ ಒತ್ತಿದರೆ ಪೂರ್ತಿ ಪಠ್ಯ ಸಿಗುತ್ತೆ. ಅದನ್ನು ಎತ್ತಿ ನಿಮ್ಮ ಪ್ರಯೋಗಪುಟಕ್ಕೆ ಹಾಕಿಕೊಳ್ಳಿ. ಪ್ರಯೋಗಪುಟದಲ್ಲಿ ಅರ್ಧಂಬರ್ಧ ಇದ್ದರೂ ಯಾರೂ ಕೇಳಲ್ಲ.

ಎರಡನೇದು, ನಿಮ್ಮ ಅಜ್ಜ ಸುಳ್ಳು ಹೇಳ್ತಾರೆ ಅಂತ ಯಾರೂ ಅನ್ನುತ್ತಿಲ್ಲ. ಓದುವವನು ಗುಲ್ಬರ್ಗದಲ್ಲೋ ಗಲ್ಫಿನಲ್ಲೋ ಕೂತಿರ್ತಾನೆ. "ಇದು ಹೌದಾ?" ಅಂತ ಅವನಿಗೆ ಅನುಮಾನ ಬಂದರೆ ತಾನೇ ಹೋಗಿ ನೋಡೋ ಹಾಗೆ ಒಂದು ದಾರಿ ಇರಬೇಕು. ಪುಸ್ತಕದ ಹೆಸರು, ಪುಟ ಸಂಖ್ಯೆ ಕೊಟ್ಟರೆ ಅವನು ಲೈಬ್ರರಿಗೆ ಹೋಗಿ ತೆಗೆದು ನೋಡ್ತಾನೆ. ಅಜ್ಜನ ಮನೆಗೆ ಎಲ್ಲರೂ ಬರೋಕಾಗಲ್ಲ. ನಿಯಮದ ಹಿಂದಿರೋ ಯೋಚನೆ ಇಷ್ಟೇ.

ಧಾರವಾಡದಾಕಿ:
ಅಲ್ರೀ, ಇದು ಹೇಳಾಕ ಚಂದ. ಆದ್ರ ಕನ್ನಡದಾಗ ಹಳ್ಳಿ ವಿಷಯಕ್ಕ ಅಚ್ಚಾಗಿದ್ದು ಎಷ್ಟೈತಿ? ಇಂಗ್ಲೆಂಡಿನ ಹಳ್ಳಿಗೆ ಮುನ್ನೂರು ವರ್ಷದ ಚರ್ಚಿನ ದಾಖಲೆ, ಪೇಪರು, ಪ್ಯಾರಿಷ್ ಇತಿಹಾಸ ಎಲ್ಲಾ ಇರ್ತಾವ. ನಮ್ಮಲ್ಲಿ ಹಿಸ್ಟರಿ ಎಲ್ಲಾ ಬಾಯಾಗೈತಿ. ಅಲ್ಲಿಯ ನಿಯಮ ತಂದು ಇಲ್ಲಿ ಹಚ್ಚಿದ್ರ ನಮ್ಮವರ ಅರಿವು ಹೊರಗ ಉಳೀತೈತಿ. ಈ ಅಕ್ಕಾರು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ.

ಕಡತಪ್ರಿಯ:
ಒಪ್ಪಿದೆ ಅಕ್ಕಾರೆ. ಈ ಪ್ರಶ್ನೆ ವಿಕಿಪೀಡಿಯದ ಒಳಗೂ ಎದ್ದಿತ್ತು. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಅವರ ಮುಂದಾಳತ್ವದಲ್ಲಿ ಮೌಖಿಕ ಉಲ್ಲೇಖದ ಪ್ರಯೋಗವೇ ನಡೆಯಿತು. ಮಲಯಾಳಂ, ಹಿಂದಿ, ದಕ್ಷಿಣ ಆಫ್ರಿಕಾದ ಸೆಪೆಡಿ, ಈ ಮೂರು ಭಾಷೆಗಳಲ್ಲಿ. ಹಳ್ಳಿಯವರ ಜೊತೆ ಮಾತಾಡಿ, ಧ್ವನಿ ಮುದ್ರಿಸಿ, ಆ ಧ್ವನಿಯನ್ನು ವಿಕಿಪೀಡಿಯದ ಚಿತ್ರ, ಧ್ವನಿಗಳ ಮುಕ್ತ ಭಂಡಾರವಾದ ಕಾಮನ್ಸ್‌ಗೆ ಏರಿಸಿ, ಲೇಖನದಲ್ಲಿ ಅದನ್ನೇ ಉಲ್ಲೇಖ ಮಾಡಿದರು. ಊರಿನ ಆಟ, ಅಡುಗೆ, ಆಚರಣೆ ಇಂಥ ವಿಷಯಗಳೇ. ಚರ್ಚೆ ಜೋರಾಗೇ ಆಯಿತು, ಆದರೆ ಸಾಮಾನ್ಯ ನಿಯಮವಾಗಿ ನಿಲ್ಲಲಿಲ್ಲ. ಸ್ವಂತ ಸಂಶೋಧನೆ ಸಲ್ಲದು ಅನ್ನೋ ಕಟ್ಟಳೆಗೆ ತಾಗಿ ನಿಂತಿತು.

ಧಾರವಾಡದಾಕಿ:
ಅಂದ್ರ ಬಾಗಲಾ ಬಡದ್ರು, ಒಳಗ ಬಿಡಲಿಲ್ಲ.

ಕುಡ್ಲದ ಬಾಬಣ್ಣ:
ಮಾರಾಯ್ರೇ, ಬಾಗಿಲಿನ ವಿಷಯ ಹೇಳಿದ್ರೆ ನಮ್ಮ ತುಳುವಿನದ್ದು ಕೇಳಿ. 2008ರಿಂದ ಹೊಸ ಭಾಷೆಗಳನ್ನು ಪರೀಕ್ಷೆಗೆ ಕೂರಿಸುವ ಇನ್‌ಕ್ಯುಬೇಟರಿನಲ್ಲಿ ಕೂತು ಕೂತು, 2016ರಲ್ಲಿ ತುಳು ವಿಕಿಪೀಡಿಯ ಆಯ್ತು. ಎಂಟು ವರ್ಷ! ಭೂತಕೋಲದ ಬಗ್ಗೆ ಬರೀಲಿಕ್ಕೆ ಕೂತರೆ ನಮಗೂ ಇದೇ ತಲೆಬಿಸಿ. ಪಾಡ್ದನ ಅಂದ್ರೆ ಭೂತಗಳ ಕಥೆ ಹೇಳುವ ತುಳು ಹಾಡು, ಅದಿರುವುದು ಬಾಯಲ್ಲಿ. ಆದ್ರೆ ಒಂದು ಉಪಾಯ ಉಂಟು. ಯಾರಾದ್ರೂ ವಿದ್ವಾಂಸರು ಅದನ್ನು ಸಂಗ್ರಹ ಮಾಡಿ ಅಚ್ಚು ಹಾಕಿಸಿರ್ತಾರೆ. ಅದನ್ನು ಹುಡುಕಬೇಕು. ಪಾಡ್ದನಗಳಿಗೆ ಅಂಥ ಪುಸ್ತಕ ಸುಮಾರು ಉಂಟು. ನಿಮ್ಮ ಶಾಂತವ್ವನ ಕಥೆಯನ್ನೂ ಯಾರಾದ್ರೂ ಬರೆದಿಟ್ಟಿರ್ಲಿಕ್ಕೆ ಸಾಕು.

ಗ್ರಂಥಪಾಲಕಿ:
ಬಾಬಣ್ಣ ಹೇಳಿದ್ದೇ ಸರಿಯಾದ ದಾರಿ. ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಹರಿದ್ರಾ, ನೀವು ಬಹುಶಃ ದಾವಣಗೆರೆ ಜಿಲ್ಲೆಯ ಪುಸ್ತಕಗಳನ್ನು ಹುಡುಕಿರ್ತೀರಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆ. ಹಾಗಾಗಿ ನಿಮಗೆ ಬೇಕಾದ್ದು ಹಳೆಯ ಶಿವಮೊಗ್ಗ ಜಿಲ್ಲಾ ಗ್ಯಾಸೆಟಿಯರ್, ಅಂದರೆ ಸರ್ಕಾರ ತಂದ ಜಿಲ್ಲೆಯ ವಿವರಗಳ ಪುಸ್ತಕ. ಅದಕ್ಕೂ ಹಿಂದೆ ಹೋದರೆ ಬಿ.ಎಲ್. ರೈಸ್ ಬರೆದ ಮೈಸೂರು ಗ್ಯಾಸೆಟಿಯರ್, ಅದರ ಪರಿಷ್ಕೃತ ಮುದ್ರಣ 1897ರದ್ದು. ಆಮೇಲೆ ಸಿ. ಹಯವದನರಾಯರದ್ದು. ಅದೂ ಮೈಸೂರು ಗ್ಯಾಸೆಟಿಯರೇ, ಹಲವು ಸಂಪುಟ. ಇವೆಲ್ಲದರಲ್ಲೂ ಹುಡುಕಬೇಕಾದ್ದು ಶಿವಮೊಗ್ಗದ ಕೆಳಗೆ. ಜಿಲ್ಲೆ ಬದಲಾದದ್ದು ಮರೆತು ಎಷ್ಟೋ ಜನ "ಏನೂ ಸಿಗಲಿಲ್ಲ" ಅಂತ ವಾಪಸ್ ಹೋಗ್ತಾರೆ. ಕೌಂಟರಿನಲ್ಲಿ ಕೂತು ಇದನ್ನು ನೋಡಿ ನೋಡಿ ಸಾಕಾಗಿದೆ ನನಗೆ.

ಹಳೆಯ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಕೆರೆಯ ಹೆಸರಿಗೆ ಬ್ರಿಟಿಷರು ಹಾಕಿದ ಸ್ಪೆಲ್ಲಿಂಗುಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಒಂದೇ ರೀತಿ ಇರಲ್ಲ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ನೋಡಿ. ಕೆರೆ ನೀರಾವರಿ ಮೇಲೆ, ಜಾನಪದದ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳಿಗೆ ಬರ ಇಲ್ಲ. ಯಾರೂ ಓದಲ್ಲ ಅಷ್ಟೇ.

ಹರಿದ್ರಾ_ದಂಡೆ:
ಅಯ್ಯೋ, ನಾನು ದಾವಣಗೆರೆ ಜಿಲ್ಲೆ ಅಂತಲೇ ಹುಡುಕ್ತಾ ಇದ್ದೆ! ಥ್ಯಾಂಕ್ಸ್ ಮೇಡಂ. ಪಿಎಚ್.ಡಿ. ಪ್ರಬಂಧ ಉಲ್ಲೇಖಕ್ಕೆ ನಡೆಯುತ್ತಾ?

ಕಡತಪ್ರಿಯ:
ನಡೆಯುತ್ತೆ. ವಿಶ್ವವಿದ್ಯಾಲಯ ಒಪ್ಪಿ ಪದವಿ ಕೊಟ್ಟದ್ದು ತಾನೇ. ಪ್ರಬಂಧಕಾರರು ಯಾವುದಾದರೂ ನೀರುಗಂಟಿಯನ್ನು ಮಾತಾಡಿಸಿ ಬರೆದಿದ್ದರೆ ಇನ್ನೂ ಒಳ್ಳೇದು. ನಿಮ್ಮ ಅಜ್ಜನ ಥರದವರ ಮಾತು ಆ ದಾರಿಯಲ್ಲಿ ಒಳಗೆ ಬರುತ್ತೆ. ಶಾಂತವ್ವನ ಕಥೆಯನ್ನು ಮಾತ್ರ "ಇತಿಹಾಸ" ವಿಭಾಗಕ್ಕೆ ಹಾಕಬೇಡಿ. "ಐತಿಹ್ಯ" ಅಂತ ಬೇರೆ ತಲೆಬರಹ ಕೊಟ್ಟು ಹಾಕಿ.

ಬಿಟ್ಟಿ ಸಲಹೆ:
ಒಟ್ಟಿನಲ್ಲಿ ಅಜ್ಜ ನೇರವಾಗಿ ಹೇಳಿದರೆ ಇಲ್ಲ, ಅಜ್ಜ ಪಿಎಚ್.ಡಿ. ಹುಡುಗನಿಗೆ ಹೇಳಿ, ಹುಡುಗ ಟೈಪ್ ಮಾಡಿದರೆ ಹೌದು. ಭೇಷ್.

ಕಡತಪ್ರಿಯ:
ವ್ಯಂಗ್ಯವಾದರೂ ಹೆಚ್ಚುಕಮ್ಮಿ ಸರಿ. ಹುಡುಗ ಹತ್ತು ಜನ ಅಜ್ಜಂದಿರನ್ನು ಕೇಳಿ ಹೋಲಿಸಿ ನೋಡಿರ್ತಾನೆ, ಮೇಲೆ ಗೈಡು, ಪರೀಕ್ಷಕರು ಇರ್ತಾರೆ. ಅಷ್ಟು ಸೋಸಿದ್ದಕ್ಕೆ ಬೆಲೆ.

ಮಂಡ್ಯ ಎಕ್ಸ್‌ಪ್ರೆಸ್:
ಗೈಡು ಓದಿರ್ತಾರೆ ಅಂತ ನಂಬಿರೋರು ಇನ್ನೂ ಇದ್ದೀರಾ ಸಾರ್?

ಶಾಸನಹುಳ:
ಗ್ಯಾಸೆಟಿಯರ್ ಸರಿ, ಆದರೆ ಮೂಲಕ್ಕೇ ಹೋಗಿ. ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ ನೋಡಿ, ರೈಸ್ ಅವರೇ 1902ರಲ್ಲಿ ತಂದದ್ದು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಕೆರೆ, ತೂಬು, ಬಿತ್ತುವಟ್ಟ (ಕೆರೆಗಾಗಿ ಬಿಟ್ಟುಕೊಟ್ಟ ಜಮೀನು), ದತ್ತಿ ಅಂತ ಹುಡುಕುತ್ತಾ ಹೋಗಿ. ಶಾಸನಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಕಡತಪ್ರಿಯ:
ಹುಳಣ್ಣ, ಇಲ್ಲಿ ಹೊಸಬರಿಗೆ ಗೊಂದಲ ಆಗುತ್ತೆ, ಅದಕ್ಕೇ ಹೇಳ್ತೀನಿ. ಶಾಸನ ಓದಿ "ಆದ್ದರಿಂದ ಈ ಕೆರೆ ಇಂಥ ರಾಜನ ಕಾಲದ್ದು" ಅಂತ ನಾವೇ ತೀರ್ಮಾನ ಕೊಟ್ಟರೆ ಅದು ಸ್ವಂತ ಸಂಶೋಧನೆ. ರೈಸ್ ಹಾಗೆ ಹೇಳಿದ್ದಾರೆ, ಅಥವಾ ಇನ್ನೊಬ್ಬ ಇತಿಹಾಸಕಾರರು ಹೇಳಿದ್ದಾರೆ ಅಂತ ಬರೀಬಹುದು. ಶಾಸನದಲ್ಲಿ ಇಂಥ ಹೆಸರಿದೆ ಅಂತಲೂ ಬರೀಬಹುದು. "ಆದ್ದರಿಂದ" ಅನ್ನೋದು ಮಾತ್ರ ನಮ್ಮದಾಗಬಾರದು.

ಶಾಸನಹುಳ:
ಅದೇ ನನಗೆ ಆಗದ ವಿಷಯ. ಇಪ್ಪತ್ತು ವರ್ಷದಿಂದ ಶಾಸನ ಓದ್ತಾ ಇದ್ದೀನಿ. ರೈಸ್ ಕೆಲವು ಕಡೆ ಓದಿದ್ದು ತಪ್ಪು ಅಂತ ಕಣ್ಣೆದುರು ಕಾಣುತ್ತೆ. ಆದರೂ ತಪ್ಪನ್ನೇ ಉಲ್ಲೇಖ ಹಾಕಿ ಬರೀಬೇಕಾ?

ಕಡತಪ್ರಿಯ:
ನಿಮ್ಮ ಓದನ್ನು ಒಂದು ಪತ್ರಿಕೆಗೆ ಬರೆದು ಪ್ರಕಟಿಸಿ. ಆಮೇಲೆ ಬೇರೆ ಯಾರಾದರೂ ಅದನ್ನು ಉಲ್ಲೇಖಿಸಿ ವಿಕಿಗೆ ಹಾಕ್ತಾರೆ. ಹಲ್ಮಿಡಿ ಶಾಸನದ್ದೇ ತಗೊಳ್ಳಿ. 1936ರಲ್ಲಿ ಎಂ.ಎಚ್. ಕೃಷ್ಣ ಪತ್ತೆ ಮಾಡಿದರು, ಸುಮಾರು ಕ್ರಿ.ಶ. 450 ಅಂದರು, ಶಾಲೆಯಲ್ಲಿ ಎಲ್ಲರೂ ಅದೇ ಕನ್ನಡದ ಮೊದಲ ಶಾಸನ ಅಂತ ಓದಿದ್ದೀವಿ. ಆಮೇಲೆ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಕೇಂದ್ರ ಪುರಾತತ್ವ ಇಲಾಖೆಗೆ ಸಿಂಹಕಟಾಂಜನದ ಶಾಸನ ಸಿಕ್ಕಿತು, ಅದಕ್ಕೆ 370 ಅಂತ ಕಾಲ ಹೇಳಿದರು. ಎರಡಕ್ಕೂ ತಕರಾರು ತೆಗೆಯುವ ವಿದ್ವಾಂಸರಿದ್ದಾರೆ. ಒಬ್ಬ ಬಂದು 450 ಅಳಿಸಿ 370 ಹಾಕೋದು, ಇನ್ನೊಬ್ಬ ಅದನ್ನು ಅಳಿಸೋದು, ಇದು ಕೆಲಸ ಅಲ್ಲ. ಇವರು ಹೀಗಂತಾರೆ, ಅವರು ಹಾಗಂತಾರೆ, ಎರಡನ್ನೂ ಆಧಾರ ಸಮೇತ ಬರೆದು ಕೈ ತೊಳಕೊಳ್ಳೋದು. ಯಾರು ಗೆದ್ದರು ಅಂತ ಹೇಳೋದು ವಿಶ್ವಕೋಶದ ಕೆಲಸವಲ್ಲ.

ಶಾಸನಹುಳ:
ಹಲ್ಮಿಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಇದೆ, ಅದಕ್ಕೆ ಇನ್ನೊಂದು ಥ್ರೆಡ್ ಶುರು ಮಾಡ್ತೀನಿ.

ಮಂಡ್ಯ ಎಕ್ಸ್‌ಪ್ರೆಸ್:
ದಯವಿಟ್ಟು ಬೇಡ ಗುರುಗಳೇ. ಹೋದ ಸಲದ್ದೇ ಇನ್ನೂ ಓದಿ ಮುಗಿದಿಲ್ಲ.

ಡಲ್ಲಾಸ್ ದೊಡ್ಡಪ್ಪ:
ಇಷ್ಟೆಲ್ಲಾ ಕಷ್ಟ ಯಾಕಮ್ಮಾ? ಇಂಗ್ಲಿಷಿನಲ್ಲಿ ಇರೋದನ್ನ ಮಷೀನಿಗೆ ಹಾಕಿ ಅನುವಾದ ಮಾಡಿಬಿಡಿ. ತಮಿಳಿನಲ್ಲಿ ಲೇಖನ ಒಂದೂವರೆ ಲಕ್ಷ ದಾಟಿದೆ, ತೆಲುಗಿನವರು ಲಕ್ಷ ದಾಟಿದ್ದಾರೆ, ನಾವು ಮೂವತ್ತು ಸಾವಿರದ ಆಸುಪಾಸಿನಲ್ಲಿ ಇನ್ನೂ ಉಲ್ಲೇಖ ಉಲ್ಲೇಖ ಅಂತ ಕೂತಿದ್ದೀವಿ. ನಾಚಿಕೆ ಆಗಬೇಕು.

ಕೋಡ್ ಕೆಂಪಿ:
ದೊಡ್ಡಪ್ಪ, ಆ ಪ್ರಯೋಗ ಆಗಿ ಹೋಗಿದೆ. ಸುಮಾರು 2009ರಿಂದ 2011ರ ಹೊತ್ತಿಗೆ ಗೂಗಲ್‌ನವರು ತಮ್ಮ ಟ್ರಾನ್ಸ್‌ಲೇಟರ್ ಟೂಲ್‌ಕಿಟ್ ಇಟ್ಟುಕೊಂಡು ದುಡ್ಡು ಕೊಟ್ಟು ಭಾರತದ ಭಾಷೆಗಳಿಗೆ ಲೇಖನ ಅನುವಾದ ಮಾಡಿಸಿದ್ರು. ಕನ್ನಡಕ್ಕೂ ರಾಶಿ ಬಂತು. ಓದಿ ನೋಡಿದ್ದೀರಾ? ಅಮೆರಿಕದ ಪಾಪ್ ಗಾಯಕರ ಬಗ್ಗೆ ಮಾರುದ್ದ ಲೇಖನ, ಒಂದು ವಾಕ್ಯದ ಕ್ರಿಯಾಪದ ಹುಡುಕೋಕೆ ಟಾರ್ಚ್ ಬೇಕು. ಬಂಗಾಳಿಯವರು ಆಗಲೇ ತಕರಾರು ತೆಗೆದರು. ನಮ್ಮಲ್ಲಿ ಅವನ್ನು ತಿದ್ದೋಕೆ ಅಂತಲೇ ಬೇರೆ ಯೋಜನೆ ಮಾಡಬೇಕಾಯಿತು.

ಡಲ್ಲಾಸ್ ದೊಡ್ಡಪ್ಪ:
ಅದು ಹದಿನೈದು ವರ್ಷದ ಹಿಂದಿನ ಕಥೆ. ಈಗಿನ ಎಐ ಬೇರೆ ಲೆವೆಲ್ಲು. ಚಾಟ್‌ಜಿಪಿಟಿಗೆ "ಸೂಳೆಕೆರೆ ಬಗ್ಗೆ ಉಲ್ಲೇಖ ಸಮೇತ ಬರಿ" ಅಂದರೆ ಎರಡು ನಿಮಿಷ.

ಗ್ರಂಥಪಾಲಕಿ:
ಅದು ಕೊಟ್ಟ ಪುಸ್ತಕದ ಹೆಸರು ಹಿಡಿದುಕೊಂಡು ನಮ್ಮ ಕೌಂಟರಿಗೆ ಹುಡುಗರು ಬರ್ತಾರೆ ಸಾರ್. ಲೇಖಕರು ಇದ್ದಾರೆ, ಪ್ರಕಾಶಕರು ಇದ್ದಾರೆ, ಪುಸ್ತಕ ಮಾತ್ರ ಹುಟ್ಟೇ ಇಲ್ಲ.

ಕೋಡ್ ಕೆಂಪಿ:
ಅದಕ್ಕೇ ಇಂಗ್ಲಿಷ್ ವಿಕಿಪೀಡಿಯದಲ್ಲಿ 2025ರಲ್ಲಿ ಹೊಸ ನಿಯಮ ತಂದರು. ಯಂತ್ರ ಬರೆದದ್ದನ್ನು ಮನುಷ್ಯ ಓದದೆ ಹಾಗೇ ಹಾಕಿದ ಲಕ್ಷಣ ಕಂಡರೆ, ಇಲ್ಲದ ಪುಸ್ತಕದ ಉಲ್ಲೇಖ ಇದ್ದರೆ, ಚರ್ಚೆ ಇಲ್ಲದೆ ನೇರ ಅಳಿಸಬಹುದು.

ಅನುವಾದವೇ ತಪ್ಪು ಅಂತಲ್ಲ. ವಿಕಿಪೀಡಿಯದ ಒಳಗೇ ಅನುವಾದದ ಉಪಕರಣ ಇದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಪ್ಯಾರಾ ಪ್ಯಾರಾ ತಿದ್ದುತ್ತಾ ಹೋಗಬಹುದು. ಯಂತ್ರ ಕೊಟ್ಟದ್ದನ್ನು ತಿದ್ದದೆ ಒತ್ತಿದರೆ ಅದೇ ತಡೀತದೆ. ಆದರೆ ಹರಿದ್ರಾ ಅವರಿಗೆ ಬೇಕಾಗಿರೋದು ಇಂಗ್ಲಿಷಿನಲ್ಲಿ ಇಲ್ಲದ ವಿಷಯ. ಎಲ್ಲಿಂದ ಅನುವಾದ ಮಾಡ್ತಾರೆ?

ಹರಪನಹಳ್ಳಿ ಹೈದ:
ಅಕ್ಕಾ, ಎಲ್ಲಿಂದ ಶುರು ಅಂತ ಕೇಳಿದ್ರಲ್ಲ, ನಾನು ಶುರು ಮಾಡಿದ್ದು ಹೇಳ್ತೀನಿ. ದೊಡ್ಡ ಲೇಖನಕ್ಕೆ ಕೈ ಹಾಕಲಿಲ್ಲ. ನಮ್ಮ ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ, 1997ಕ್ಕೆ ದಾವಣಗೆರೆ, 2018ಕ್ಕೆ ವಾಪಸ್ ಬಳ್ಳಾರಿ, 2021ಕ್ಕೆ ವಿಜಯನಗರ. ಊರು ಅಲ್ಲೇ ಐತಿ, ಬೋರ್ಡು ಮಾತ್ರ ಬದಲಾಗ್ತಾ ಐತಿ. ಸುತ್ತಲ ಊರುಗಳ ಪುಟದಾಗೆ ಹಳೇ ಜಿಲ್ಲೆ ಹೆಸರು ಇದ್ದಿದ್ದು ಒಂದೊಂದಾಗಿ ತಿದ್ದಿದೆ. ಯಾರೂ ಅದನ್ನ ವಾಪಸ್ ಅಳಿಸಲಿಲ್ಲ, ಯಾಕಂದ್ರೆ ಸರ್ಕಾರದ ಅಧಿಸೂಚನೆ ಐತಿ. ಅಷ್ಟೊತ್ತಿಗೆ ಟೆಂಪ್ಲೇಟು ಅಂದ್ರೇನು, ವರ್ಗ ಅಂದ್ರೇನು ಎಲ್ಲಾ ಕೈಗೆ ಬಂತು.

ಕಡತಪ್ರಿಯ:
ಇದಕ್ಕಿಂತ ಒಳ್ಳೆ ಸಲಹೆ ನನ್ನ ಹತ್ರ ಇಲ್ಲ. ಅಕ್ಷರ ತಪ್ಪು, ಹಳೆ ಅಂಕಿ, ಕೊಂಡಿ ಇಲ್ಲದ ಪುಟ, ಚಿತ್ರ ಇಲ್ಲದ ಪುಟ, ಇವುಗಳಿಂದ ಶುರು ಮಾಡಿ. ಪ್ರತಿ ಸಲ ಉಳಿಸುವ ಮುಂಚೆ "ಸಾರಾಂಶ" ಪೆಟ್ಟಿಗೆಯಲ್ಲಿ ಏನು ಮಾಡಿದಿರಿ ಅಂತ ಒಂದು ಸಾಲು ಬರೀರಿ. ಅರ್ಧ ಜಗಳ ಅಲ್ಲೇ ತಪ್ಪುತ್ತೆ. ನಿಮ್ಮದನ್ನು ಯಾರಾದರೂ ತೆಗೆದರೆ ಮತ್ತೆ ಅದನ್ನೇ ಹಾಕಬೇಡಿ. ಲೇಖನದ ಚರ್ಚೆಪುಟಕ್ಕೆ ಹೋಗಿ ಕೇಳಿ, ಕೊನೆಯಲ್ಲಿ ನಾಲ್ಕು ಅಲೆಗೆರೆ ~~~~ ಒತ್ತಿದರೆ ನಿಮ್ಮ ಸಹಿ ತಾನೇ ಬೀಳುತ್ತೆ. ಯಾರೂ ಉತ್ತರಿಸದಿದ್ದರೆ ಅರಳಿ ಕಟ್ಟೆಗೆ ಬನ್ನಿ. ಎಲ್ಲರಿಗೂ ಸಂಬಂಧಿಸಿದ ಮಾತುಕತೆ ಅಲ್ಲೇ ನಡೆಯೋದು.

ಧಾರವಾಡದಾಕಿ:
ಮತ್ತ "ಉಲ್ಲೇಖವಿಲ್ಲ" ಅಂತ ಒಂದ ಪದಾ ಬರದು ತಗದವರಿಗೂ ಯಾರರ ಸಲಹಾ ಕೊಡ್ರಿ. ಹೊಸಬರ ಚರ್ಚೆಪುಟಕ್ಕ ಎರಡ ಸಾಲು ಬರದ್ರ ಇವರ ಕೈ ಏನ್ ಸವೀತಿತ್ತೇನು? ಹಿಂಗಾಗೇ ಬಂದವರು ಉಳಿಯಂಗಿಲ್ಲ. ನಮ್ಮ ಕಾಲೇಜಿನ ಹುಡುಗ್ಯಾರು ಮೂರ್ನಾಕು ಮಂದಿ ಉಮೇದಿಯಿಂದ ಬರದು, ಒಂದ ಸಲ ಅಳಿಸಿದ್ದಕ್ಕ ತಿರುಗಿ ನೋಡಲಿಲ್ಲ.

ಕಡತಪ್ರಿಯ:
ಮಾತು ನಿಜ. ಇನ್ನೊಂದು ಕಡೆಯೂ ಇದೆ. "ಇತ್ತೀಚಿನ ಬದಲಾವಣೆಗಳು" ದಿನಾ ನೋಡುವವರು ಕನ್ನಡದಲ್ಲಿ ಬೆರಳೆಣಿಕೆಯ ಜನ, ಅವರೂ ಕೆಲಸ ಮುಗಿಸಿ ರಾತ್ರಿ ಕೂರುವವರು. ಪರೀಕ್ಷೆಯ ಅಂಕಕ್ಕಾಗಿ ಒಂದೇ ವಾರ ರಾಶಿ ಲೇಖನ ಸುರಿದು ಹೋಗುವ ವಿದ್ಯಾರ್ಥಿಗಳು, ಅಂಗಡಿ ಜಾಹೀರಾತು, ನಟರ ಅಭಿಮಾನಿಗಳ ಯುದ್ಧ, ಇದೆಲ್ಲದರ ಮಧ್ಯೆ ನಿಜವಾದ ಹೊಸಬರು ಯಾರು ಅಂತ ಗುರುತು ಸಿಗಲ್ಲ.

ಧಾರವಾಡದಾಕಿ:
ನಾಕು ಸಾಲು ಓದಿದ್ರ ಗುರುತು ಸಿಗತೈತಿ. ಈಕಿ ಬರದದ್ದು ಜಾಹೀರಾತು ಅನಸ್ತೇನು?

ಕೆಲಸದ ಕಾಳ:
ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ಸಾಹೇಬ್ರು ಶಾಸಕರು, ನಾನು ಅವರ ಆಫೀಸಲ್ಲಿದ್ದೀನಿ. ಅವರ ಹೆಸರಲ್ಲಿ ಒಂದು ವಿಕಿಪೀಡಿಯ ಪುಟ ಮಾಡಬೇಕಂತೆ. ಎಷ್ಟಾಗುತ್ತೆ?

ಬಿಟ್ಟಿ ಸಲಹೆ:
ಚುನಾವಣೆ ಹತ್ರ ಬಂತು ಅಂತ ಕಾಣುತ್ತೆ.

ಕಡತಪ್ರಿಯ:
ದುಡ್ಡು ಆಗಲ್ಲ, ಯಾರಿಗೂ ಕೊಡಬೇಡಿ. ಶಾಸಕರಾಗಿ ಗೆದ್ದವರ ಬಗ್ಗೆ ಲೇಖನ ಇರಬಹುದು, ಅದಕ್ಕೆ ತೊಂದರೆ ಇಲ್ಲ. ಆದರೆ ಸಂಬಳ ತಗೊಂಡು ಬರೆಯೋರು ಅದನ್ನು ತಮ್ಮ ಸದಸ್ಯಪುಟದಲ್ಲೋ ಬದಲಾವಣೆಯ ಸಾರಾಂಶದಲ್ಲೋ ಹೇಳಿಕೊಳ್ಳಲೇಬೇಕು, 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ನೀವು ನೇರ ಬರೆಯೋದು ಬೇಡ. ಮತ್ತೆ ಪುಟ ಒಂದು ಸಲ ಬಂತು ಅಂದರೆ ಅದು ಸಾಹೇಬರ ಕೈಯಲ್ಲಿ ಇರಲ್ಲ. ಕೇಸು, ಪಕ್ಷಾಂತರ, ಸೋಲು ಎಲ್ಲಾ ಸೇರುತ್ತೆ. ಅದನ್ನು ಮೊದಲೇ ಅವರಿಗೆ ತಿಳಿಸಿಬಿಡಿ.

ಕೆಲಸದ ಕಾಳ:
ಹಂಗಾದ್ರೆ ಬೇಡ ಬಿಡಿ ಸಾರ್.

ಹರಿದ್ರಾ_ದಂಡೆ:
ಹ್ಹಹ್ಹಹ್ಹ. ಸರಿ, ಇನ್ನೊಂದು ಕೇಳಬೇಕು. "ಏಷ್ಯಾದ ಎರಡನೇ ದೊಡ್ಡ ಕೆರೆ" ಅಂತ ನಮ್ಮೂರಲ್ಲಿ ಚಿಕ್ಕ ಮಗುವೂ ಹೇಳುತ್ತೆ. ಪೇಪರಿನಲ್ಲೂ ಬಂದಿದೆ, ಒಂದಲ್ಲ, ಬೇಕಾದಷ್ಟು ಸಲ. ಇದಕ್ಕೆ ಉಲ್ಲೇಖ ಸುಲಭವಾಗಿ ಸಿಗುತ್ತೆ. ಹಾಕಬಹುದಲ್ವಾ?

ಶಾಸನಹುಳ:
ಅಯ್ಯೋ ಶಿವನೇ.

ಕೋಡ್ ಕೆಂಪಿ:
ಮೊದಲನೇದು ಯಾವುದಂತೆ?

ಹರಿದ್ರಾ_ದಂಡೆ:
ಅದನ್ನ ಯಾರೂ ಹೇಳಲ್ಲ!

ಗ್ರಂಥಪಾಲಕಿ:
ಇದೇ ನೋಡಿ, ಅಚ್ಚಾಗಿದ್ದೆಲ್ಲಾ ಸರಿಯಲ್ಲ ಅನ್ನೋದಕ್ಕೆ. ಏಷ್ಯಾ ಅಂದರೆ ಚೀನಾದ ಜಲಾಶಯಗಳೂ ಬಂದವು, ಶ್ರೀಲಂಕಾದ ಹಳೆಯ ಕೆರೆಗಳೂ ಬಂದವು. ಯಾರು ಅಳೆದರು, ಯಾವ ವರ್ಷ, ನೀರು ನಿಲ್ಲುವ ವಿಸ್ತೀರ್ಣವೋ ನೀರಿನ ಪ್ರಮಾಣವೋ, ಒಂದೂ ಇಲ್ಲ. ಒಬ್ಬ ವರದಿಗಾರ ಬರೆದದ್ದನ್ನು ಇನ್ನೊಬ್ಬ ಎತ್ತಿಕೊಳ್ಳೋದು ಸಹಜ. ಕೆಲವು ಸಲ ವಿಕಿಪೀಡಿಯದಲ್ಲಿ ಯಾರೋ ಹಾಕಿದ ಮಾತನ್ನು ಪತ್ರಿಕೆಯವರು ಎತ್ತಿಕೊಳ್ತಾರೆ, ಆಮೇಲೆ ಆ ಪತ್ರಿಕೆಯೇ ವಿಕಿಪೀಡಿಯಕ್ಕೆ ಉಲ್ಲೇಖ ಆಗುತ್ತೆ.

ಕುಡ್ಲದ ಬಾಬಣ್ಣ:
ನಮ್ಮಲ್ಲೂ ಇದೇ ರೋಗ. ಪ್ರತಿ ದೇವಸ್ಥಾನವೂ "ಎರಡು ಸಾವಿರ ವರ್ಷ ಹಳತು". ಗರ್ಭಗುಡಿಗೆ ಟೈಲ್ಸ್ ಹಾಕಿದ್ದು ಹೋದ ವರ್ಷ.

ಕಡತಪ್ರಿಯ:
ಹರಿದ್ರಾ, ನನ್ನ ಅಭಿಪ್ರಾಯ: ಆ ಸಾಲು ಬಿಡಿ. ಅದರ ಬದಲು ಗೊತ್ತಿರೋದನ್ನು ಬರೀರಿ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ್ದಾರೆ, ಹೆಚ್ಚಾದ ನೀರು ಮುಂದೆ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತೆ, ಎರಡು ತೂಬು, ಎರಡು ನಾಲೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಅಲ್ಲಿಂದ ಹೋಗುತ್ತೆ. ಇವಕ್ಕೆಲ್ಲಾ ನೀರಾವರಿ ಇಲಾಖೆಯ ವರದಿಯಲ್ಲೋ ಗ್ಯಾಸೆಟಿಯರಿನಲ್ಲೋ ಆಧಾರ ಸಿಗಬೇಕು.

ಹರಿದ್ರಾ_ದಂಡೆ:
ಊರವರು ನನ್ನನ್ನ ಬಿಡಲ್ಲ ಸಾರ್, "ಎರಡನೇದು" ತೆಗೆದುಬಿಟ್ಟಳು ಅಂತ. ಆದರೆ ವಾದ ಸರಿ ಇದೆ.

ಕೋಡ್ ಕೆಂಪಿ:
ಇನ್ನು ಕೈಕೆಲಸದ ವಿಷಯ. ಯಾರೂ ಹೇಳಿಕೊಡದ ಎರಡು ಸಂಗತಿ ಇವೆ.

ಒಂದು ಕೊಂಡಿ. ಇಂಗ್ಲಿಷಿನವರು ಪದದ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಮುಗೀತು. ನಮಗೆ ವಿಭಕ್ತಿ ಇದೆ. ಪುಟದ ಹೆಸರು "ತುಂಗಭದ್ರಾ ನದಿ", ವಾಕ್ಯದಲ್ಲಿ ಬೇಕಾಗಿರೋದು "ತುಂಗಭದ್ರೆಗೆ". ಆಗ ನಡುವೆ ಒಂದು ಲಂಬಗೆರೆ ಹಾಕಿ ಹೀಗೆ ಬರೀಬೇಕು: [[ತುಂಗಭದ್ರಾ ನದಿ|ತುಂಗಭದ್ರೆಗೆ]]. ಎಡಕ್ಕೆ ಪುಟದ ನಿಜವಾದ ಹೆಸರು, ಬಲಕ್ಕೆ ಓದುವವರಿಗೆ ಕಾಣಬೇಕಾದ್ದು. ಇದು ಗೊತ್ತಿಲ್ಲದೆ ಜನ "ತುಂಗಭದ್ರಾ ನದಿ ಗೆ" ಅಂತ ಬಿಡಿಸಿ ಬರೆದು ಕನ್ನಡದ ಕತ್ತು ಹಿಸುಕ್ತಾರೆ.

ಇನ್ನೊಂದು ಕಣ್ಣಿಗೆ ಕಾಣದ ಅಕ್ಷರ. "ಎಕ್ಸ್‌ಪ್ರೆಸ್" ಅಂತ ಬರೆಯುವಾಗ ಒತ್ತಕ್ಷರ ಆಗದ ಹಾಗೆ ನಡುವೆ ಒಂದು ಶೂನ್ಯ ಅಗಲದ ಚಿಹ್ನೆ ಕೂರುತ್ತೆ. ಕಂಪ್ಯೂಟರಿಗೆ ಅದೂ ಒಂದು ಅಕ್ಷರವೇ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತೆ, ಇನ್ನೊಬ್ಬರದು ಹೆಸರಿನ ಕೊನೆಯಲ್ಲೂ ಒಂದನ್ನು ಬಿಟ್ಟು ಹೋಗುತ್ತೆ. ನೋಡೋಕೆ ಎರಡೂ ಹೆಸರು ಒಂದೇ, ಕೊಂಡಿ ಮಾತ್ರ ಕೆಂಪು. ಪುಟ ಇದ್ದೂ ಇಲ್ಲ ಅನ್ನುತ್ತೆ. ಅಂಥಾಗ ಹೆಸರನ್ನು ಟೈಪ್ ಮಾಡಬೇಡಿ, ಪುಟದ ತಲೆಬರಹದಿಂದಲೇ ಕಾಪಿ ಮಾಡಿ ಅಂಟಿಸಿ. ನಿಮ್ಮ ಕೆರೆಗೆ ಸೂಳೆಕೆರೆ, ಶಾಂತಿಸಾಗರ ಎರಡು ಹೆಸರಲ್ಲವೇ, ಒಂದರಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ (ಒಂದನ್ನು ಒತ್ತಿದರೆ ತಾನಾಗೇ ಇನ್ನೊಂದಕ್ಕೆ ಒಯ್ಯೋದು) ಇದೆಯಾ ಅಂತಲೂ ನೋಡಿಬಿಡಿ.

ಮಂಡ್ಯ ಎಕ್ಸ್‌ಪ್ರೆಸ್:
ನನ್ನ ಹೆಸರನ್ನೇ ಉದಾಹರಣೆ ಮಾಡಿದ್ರಲ್ಲ ಕೆಂಪಕ್ಕ!

ಹರಿದ್ರಾ_ದಂಡೆ:
ಇದು ಬಂಗಾರದಂಥ ಮಾಹಿತಿ. ನಾನು ಕಾಲೇಜಿನಲ್ಲಿ ನುಡಿ ತಂತ್ರಾಂಶ ಕಲಿತವಳು. ಅಲ್ಲಿ ನುಡಿ ಇಲ್ಲದೆ ಹೇಗೆ ಟೈಪ್ ಮಾಡೋದು?

ಕೋಡ್ ಕೆಂಪಿ:
ಬರೆಯುವ ಪೆಟ್ಟಿಗೆಯಲ್ಲಿ ಕರ್ಸರ್ ಇಟ್ಟಾಗ ಮೂಲೆಯಲ್ಲಿ ಒಂದು ಪುಟ್ಟ ಕೀಬೋರ್ಡ್ ಚಿಹ್ನೆ ಬರುತ್ತೆ. ಅದರಲ್ಲಿ ಕಗಪ ಆರಿಸಿ, ನುಡಿಯ ವಿನ್ಯಾಸವೇ ಅದು. ಕಂಟ್ರೋಲ್ ಜೊತೆ ಎಮ್ ಒತ್ತಿದರೆ ಕನ್ನಡಕ್ಕೂ ಇಂಗ್ಲಿಷಿಗೂ ಅದಲು ಬದಲು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲ್ ಇದ್ದರೆ ಮಾತ್ರ ಯೂನಿಕೋಡಿಗೆ ಪರಿವರ್ತನೆ ಮಾಡಿ ಅಂಟಿಸಬೇಕು, ಇಲ್ಲದಿದ್ದರೆ ಬರೀ ಚಿತ್ತಾರ ಬರುತ್ತೆ.

ಡಲ್ಲಾಸ್ ದೊಡ್ಡಪ್ಪ:
ಇನ್‌ಸ್ಕ್ರಿಪ್ಟ್ ಕಲೀರಿ, ಎಲ್ಲಾ ಭಾರತೀಯ ಭಾಷೆಗೂ ಒಂದೇ.

ಹರಪನಹಳ್ಳಿ ಹೈದ:
ನಾನು ಫೋನಿಗೆ ಬಾಯಲ್ಲೇ ಹೇಳ್ತೀನಿ, ಅದೇ ಟೈಪ್ ಮಾಡ್ಕಂತೈತಿ. ಆಮೇಲೆ ತಿದ್ದೋದು.

ಡಲ್ಲಾಸ್ ದೊಡ್ಡಪ್ಪ:
ಅದಕ್ಕೇ ನಿಮ್ಮ ಊರಿನ ಪುಟದಲ್ಲಿ "ಹ" ಎಲ್ಲಾ "ಅ" ಆಗಿದೆಯೇನೋ.

ಹರಪನಹಳ್ಳಿ ಹೈದ:
ನಮ್ಮ ಕಡೆ "ಹ" ಗಟ್ಟಿ ಐತಿ ದೊಡ್ಡಪ್ಪ, ನಿಮ್ಮ ಕಡೇದು ನೋಡ್ಕಳಿ.

ಗ್ರಂಥಪಾಲಕಿ:
ಮತ್ತೊಂದು ಮೂಲ ಹೇಳೋದು ಬಿಟ್ಟೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. ಹದಿನಾಲ್ಕು ಸಂಪುಟ. ಅದರಲ್ಲಿ ಹಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯವೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ, ವಿಕಿಪೀಡಿಯದ ಸೋದರ ತಾಣ, ಪುಸ್ತಕಗಳನ್ನಿಡುವ ಕನ್ನಡ ವಿಕಿಸೋರ್ಸಿನಲ್ಲಿ ಲೇಖನಗಳು ಸಿಗುತ್ತವೆ. ಅವನ್ನು ಆಧಾರವಾಗಿ ಬಳಸೋದಷ್ಟೇ ಅಲ್ಲ, ಮೂಲ ಹೇಳಿ ಪಠ್ಯವನ್ನೇ ಎತ್ತಿಕೊಳ್ಳಬಹುದು. ಬೇರೆ ಪುಸ್ತಕಗಳಿಗೆ ಈ ಸೌಲಭ್ಯ ಇಲ್ಲ, ಎಚ್ಚರ. ಗ್ಯಾಸೆಟಿಯರಿನಲ್ಲಿ ಇದ್ದದ್ದನ್ನು ನಿಮ್ಮ ಮಾತಿನಲ್ಲಿ ಬರೆದು ಪುಟ ಸಂಖ್ಯೆ ಕೊಡಿ, ಸಾಲು ಸಾಲೇ ನಕಲು ಬೇಡ. ಕೆರೆ ಬಗ್ಗೆ ಯಾರಾದರೂ ಕವಿಗಳ ಪದ್ಯ ಇದ್ದರೆ ಅದನ್ನೂ ಪೂರ್ತಿ ಹಾಕಬೇಡಿ. ಲೇಖಕರು ತೀರಿಕೊಂಡು 60 ವರ್ಷ ಆಗೋವರೆಗೆ ಹಕ್ಕುಸ್ವಾಮ್ಯ ಇರುತ್ತೆ. ಬಿಎಂಶ್ರೀ, ಪಂಜೆ ಮಂಗೇಶರಾಯರದ್ದು ಮುಗಿದಿದೆ. ಬೇಂದ್ರೆಯವರದು 2041ರವರೆಗೂ ಇದೆ, ಕುವೆಂಪು ಅವರದು 2054ರವರೆಗೂ.

ಧಾರವಾಡದಾಕಿ:
ಅಂಬಿಕಾತನಯದತ್ತರನ್ನ ಮುಟ್ಟಾಂಗಿಲ್ಲಂತ. ಧಾರವಾಡದಾಗ ಎಲ್ಲಾರ ಬಾಯಾಗೂ ಅವರದ ಹಾಡು, ವಿಕಿಪೀಡಿಯದಾಗ ಮಾತ್ರ 2041ರ ತನಕ ತಡೀಬೇಕು.

ಹರಿದ್ರಾ_ದಂಡೆ:
ಸ್ನೇಹಿತರೇ, ಒಂದು ವರದಿ. ಆರ್ಕೈವ್‌ನಲ್ಲಿ ಹಳೇ ಗ್ಯಾಸೆಟಿಯರ್ ಸಿಕ್ಕಿತು, ಶಿವಮೊಗ್ಗ ಭಾಗದಲ್ಲೇ ಕೆರೆಯ ವಿವರ ಇದೆ! ಏರಿಯ ಬಗ್ಗೆ ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳಿದೆ. "ಇದನ್ನ ಬರೆದ ದೊರೆ ಏರಿ ಮೇಲೆ ನಡೆದಾಡಿರಬೇಕು, ತೂಬಿಗೆ ಇಳಿದಿಲ್ಲ" ಅಂದರು. ಸದ್ಯಕ್ಕೆ ಏರಿ, ನಾಲೆ ಬಗ್ಗೆ ಎರಡೇ ವಾಕ್ಯ ಹಾಕಿದ್ದೀನಿ, ಪುಟ ಸಂಖ್ಯೆ ಸಮೇತ. ಯಾರೂ ತೆಗೆದಿಲ್ಲ. ತೆಗೆದಿದ್ದವರೇ ಬಂದು ಒಂದು ಅಲ್ಪವಿರಾಮ ಸರಿ ಮಾಡಿ ಹೋಗಿದ್ದಾರೆ. ತೂಬು ಎತ್ತುವ ಸರದಿ, ನೀರು ಹಂಚುವ ಕ್ರಮ ಮಾತ್ರ ಎಲ್ಲೂ ಸಿಕ್ಕಿಲ್ಲ. ಶೋಧಗಂಗಾದಲ್ಲಿ ಇನ್ನೂ ಹುಡುಕ್ತಾ ಇದ್ದೀನಿ.

ಧಾರವಾಡದಾಕಿ:
ಸಿಗಲಿಲ್ಲಂದ್ರ ನೀವ ಬರೀರಿ ತಂಗಿ. ವಿಕಿಪೀಡಿಯಕ್ಕಲ್ಲ, ಒಂದು ಪತ್ರಿಕಿಗೆ, ಇಲ್ಲಾ ಸಣ್ಣ ಪುಸ್ತಕ. ಅಜ್ಜಾರನ್ನ ಕುಂದ್ರಿಸಿ ರೆಕಾರ್ಡ್ ಮಾಡ್ರಿ, ಉಳಿದ ನೀರುಗಂಟಿಗಳನ್ನೂ ಕೇಳ್ರಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲಾದಾಗೇ ಐತಿ, ನಿಮಗ ಭಾಳ ದೂರಿಲ್ಲ. ಅಲ್ಲಿ ಕೇಳಿ ನೋಡ್ರಿ.

ಶಾಸನಹುಳ:
ಇದಕ್ಕೆ ನನ್ನ ಪೂರ್ಣ ಸಹಮತ. ರೆಕಾರ್ಡ್ ಮಾಡುವಾಗ ದಿನಾಂಕ, ಜಾಗ, ಹೇಳಿದವರ ವಯಸ್ಸು ಮೊದಲು ಹೇಳಿಸಿ.

ಹರಿದ್ರಾ_ದಂಡೆ:
ಮಾಡ್ತೀನಿ. ಇನ್ನೊಂದು ಪ್ರಶ್ನೆ, ತೂಬಿನ ಹಳೇ ಫೋಟೋ ಒಂದಿದೆ, ಸ್ಟುಡಿಯೋದವರು ತೆಗೆದದ್ದು, ಅಪ್ಪನ ಆಲ್ಬಮ್ಮಿನಲ್ಲಿ. ಏರಿಸಬಹುದಾ?

ಕೋಡ್ ಕೆಂಪಿ:
ಫೋಟೋ ನಿಮ್ಮ ಮನೆಯಲ್ಲಿದೆ ಅಂದ ಮಾತ್ರಕ್ಕೆ ಹಕ್ಕು ನಿಮ್ಮದಾಗಲ್ಲ. ಅಪ್ಪ ದುಡ್ಡು ಕೊಟ್ಟು ತೆಗೆಸಿದ್ದಾ, ಸ್ಟುಡಿಯೋದವರು ತಾವಾಗೇ ತೆಗೆದದ್ದಾ ಅನ್ನೋದರ ಮೇಲೆ ಹೋಗುತ್ತೆ. ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ. ನೀವೇ ಹೋಗಿ ಹೊಸದಾಗಿ ತೆಗೆದು ಕಾಮನ್ಸ್‌ಗೆ ಏರಿಸಿ. ವಾಟ್ಸಾಪಿನಲ್ಲಿ ಬಂದದ್ದಲ್ಲ, ಫೋನಿನ ಮೂಲ ಫೈಲೇ ಇರಲಿ. ವಾಟ್ಸಾಪಿನದಾದರೆ ತೆಗೆದ ದಿನಾಂಕ, ಕ್ಯಾಮೆರಾ ವಿವರ ಎಲ್ಲಾ ಅಳಿಸಿ ಹೋಗಿರುತ್ತೆ, ನಿಮ್ಮದೇ ಅಂತ ನಂಬಿಸೋದು ಕಷ್ಟ.

ಹರಪನಹಳ್ಳಿ ಹೈದ:
ಬೇಸಿಗೆಯಾಗೆ ಹೋಗ್ರಿ ಅಕ್ಕಾ. ನೀರು ತುಂಬಿದಾಗ ತೂಬಿನ ಕಲ್ಲು ಕಾಣಂಗಿಲ್ಲ.